ಕೈಗಡ ಕೊಟ್ಟ ಬೆಂಬಲ: ವರ್ಣಭೇದದ ಅಮೆರಿಕದಲ್ಲಿ ಕಪ್ಪು ಪತ್ರಿಕೆಗಳ ಚುನಾವಣಾ ನಿಲುವು

ಚುನಾವಣೆ ಹತ್ತಿರವಾದಾಗ ಇಂಥ ಅಭ್ಯರ್ಥಿಗೇ ಮತ ಕೊಡಿ ಎಂದು ಸಂಪಾದಕೀಯದಲ್ಲಿ ಬಹಿರಂಗವಾಗಿ ಬರೆಯುವುದು ಅಮೆರಿಕದ ಪತ್ರಿಕೆಗಳ ಹಳೆಯ ರೂಢಿ. ಹಾಗೆ ಬರೆದದ್ದರಿಂದ ಎಷ್ಟು ಮತ ತಿರುಗಿತು ಎಂಬುದೇ ಅಧ್ಯಯನಗಳ ಮಾಮೂಲಿ ಪ್ರಶ್ನೆ. ಶಾಲೆ, ರೈಲು, ಆಸ್ಪತ್ರೆ, ಕಡೆಗೆ ಸ್ಮಶಾನದಲ್ಲೂ ಬಣ್ಣದ ಗೆರೆ ಎಳೆದಿದ್ದ ಕಾಲದಲ್ಲಿ ಕಪ್ಪು ಜನರೇ ನಡೆಸಿದ ಪತ್ರಿಕೆಗಳಿಗೆ ಈ ಅಳತೆಗೋಲು ಸಾಲದು. ಅವು ಕೊಟ್ಟ ಬೆಂಬಲವನ್ನು ಕೈಗಡವೆಂದು ಓದಬೇಕು ಎನ್ನುವುದು ನನ್ನ ವಾದ. ಕೈಗಡಕ್ಕೆ ಬಡ್ಡಿಯಿಲ್ಲ, ಅಡವಿಲ್ಲ, ನಂಬಿ ಕೊಟ್ಟದ್ದು. ಆದರೆ ಕೊಟ್ಟವನು ನಾಳೆ ಬಾಗಿಲಿಗೆ ಬಂದು ಕೇಳಿದರೆ ತಪ್ಪು ಎನ್ನುವವರು ಯಾರೂ ಇಲ್ಲ. ಬೆಂಬಲ ಕೊಟ್ಟ ದಿನಕ್ಕಿಂತ ಹಾಗೆ ಕೇಳಲು ಹೋದ ದಿನಗಳಲ್ಲೇ ಈ ಪತ್ರಿಕೆಗಳ ನಿಜವಾದ ಕೆಲಸ ಕಾಣುತ್ತದೆ.

ಇದಕ್ಕೆ ತಕ್ಕ ಉದಾಹರಣೆ 1912ರ ಚುನಾವಣೆ. ಗುಲಾಮಗಿರಿ ತೊಡೆದ ಲಿಂಕನ್ನರ ರಿಪಬ್ಲಿಕನ್ ಪಕ್ಷಕ್ಕೆ ಕಪ್ಪು ಮತದಾರರು ಅರ್ಧ ಶತಮಾನ ಕಣ್ಣುಮುಚ್ಚಿ ನಡೆದುಕೊಂಡಿದ್ದರು. ಅದೇ ಪಕ್ಷದಿಂದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1906ರಲ್ಲಿ ಟೆಕ್ಸಸ್‌ನ ಬ್ರೌನ್ಸ್‌ವಿಲ್ ಊರಿನಲ್ಲಿ ನಡೆದ ಗುಂಡಿನ ದಾಳಿಯ ನೆಪದಲ್ಲಿ 167 ಕಪ್ಪು ಸೈನಿಕರನ್ನು ವಿಚಾರಣೆಯಿಲ್ಲದೆ ಮನೆಗೆ ಕಳಿಸಿದರು. 1912ರಲ್ಲಿ ಅವರು ಕಟ್ಟಿದ ಹೊಸ ಪಕ್ಷ ದಕ್ಷಿಣದ ಕಪ್ಪು ಪ್ರತಿನಿಧಿಗಳನ್ನು ಶಿಕಾಗೊ ಸಮಾವೇಶದ ಒಳಗೇ ಬಿಡಲಿಲ್ಲ. ಆಗ 'ಬಾಸ್ಟನ್ ಗಾರ್ಡಿಯನ್' ಪತ್ರಿಕೆಯ ವಿಲಿಯಂ ಮನ್ರೊ ಟ್ರಾಟರ್, 'ದಿ ಕ್ರೈಸಿಸ್' ಸಂಪಾದಕ ಡಬ್ಲ್ಯು. ಇ. ಬಿ. ಡು ಬೊಯ್ಸ್ ಇಬ್ಬರೂ ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್ ಪರ ನಿಂತರು. ಕಪ್ಪು ಜನರಿಗೆ ನ್ಯಾಯವಾಗಿ ನಡೆದುಕೊಳ್ಳುವೆನೆಂದು ವಿಲ್ಸನ್ ಬಿಷಪ್ ಅಲೆಕ್ಸಾಂಡರ್ ವಾಲ್ಟರ್ಸ್ ಅವರಿಗೆ ಬರೆದ ಪತ್ರವೇ ಅವರಿಗೆ ಮುಖ್ಯ ಆಧಾರ. ವಿಲ್ಸನ್ ಪ್ರಚಾರವನ್ನು ಪತ್ರಿಕೆಗಳಿಗೆ ಮುಟ್ಟಿಸುವ ವಿಭಾಗದ ಮುಖ್ಯಸ್ಥ ಯಾರೆಂದು ನೋಡಿದರೆ ಎದೆ ಧಸಕ್ಕೆನ್ನುತ್ತದೆ: ರಾಲಿಯ 'ನ್ಯೂಸ್ ಅಂಡ್ ಅಬ್ಸರ್ವರ್' ಪತ್ರಿಕೆಯ ಒಡೆಯ ಜೋಸೆಫಸ್ ಡೇನಿಯಲ್ಸ್. 1898ರಲ್ಲಿ ಬಿಳಿಯರ ಪಾರಮ್ಯದ ಪರವಾಗಿ ವ್ಯಂಗ್ಯಚಿತ್ರ, ವದಂತಿಗಳ ಮೂಲಕ ಉತ್ತರ ಕೆರೊಲಿನಾದಲ್ಲಿ ಕಿಚ್ಚು ಹಚ್ಚಿದ್ದು ಅದೇ ಪತ್ರಿಕೆ. ಆ ವರ್ಷದ ಚುನಾವಣೆ ಮುಗಿದ ಬೆನ್ನಿಗೇ, ನವೆಂಬರ್ 10ರಂದು, ವಿಲ್ಮಿಂಗ್ಟನ್‌ನಲ್ಲಿ ಕಪ್ಪು ಸಂಪಾದಕ ಅಲೆಕ್ಸಾಂಡರ್ ಮ್ಯಾನ್ಲಿಯ 'ಡೈಲಿ ರೆಕಾರ್ಡ್' ಮುದ್ರಣಾಲಯವನ್ನು ಬಿಳಿಯರ ಗುಂಪು ಸುಟ್ಟುಹಾಕಿತು. ಒಂದು ಪತ್ರಿಕೆಯ ಬೆಂಬಲ ಇನ್ನೊಂದು ಪತ್ರಿಕೆಯ ಬೂದಿಯಾಗಬಲ್ಲದು ಎಂಬುದು ಟ್ರಾಟರ್ ತಲೆಮಾರಿಗೆ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಅವರು ನಂಬಿದ್ದರೆ, ಉಳಿದ ಬಾಗಿಲುಗಳೆಲ್ಲ ಮುಚ್ಚಿದ್ದವು ಎಂದೇ ತಿಳಿಯಬೇಕು.

ವಿಲ್ಸನ್ ಗೆದ್ದರು, ಡೇನಿಯಲ್ಸ್ ನೌಕಾ ಸಚಿವರಾದರು. ಅಂಚೆ ಇಲಾಖೆ, ಖಜಾನೆಗಳಲ್ಲಿ ಕಪ್ಪು ಗುಮಾಸ್ತರನ್ನು ಪರದೆಯ ಮರೆಗೆ ಕೂರಿಸಲಾಯಿತು. ಊಟದ ಕೋಣೆ, ಶೌಚಾಲಯ ಬೇರೆಯಾದವು. 1914ರಿಂದ ಸರ್ಕಾರಿ ಕೆಲಸದ ಅರ್ಜಿಗೆ ಭಾವಚಿತ್ರ ಕಡ್ಡಾಯವಾಯಿತು. ಟ್ರಾಟರ್ ಲೆಕ್ಕ ಕೇಳಲು ಹೋದರು. 1913ರ ನವೆಂಬರಿನಲ್ಲಿ ಸುಮಾರು 20,000 ಸಹಿಗಳ ಮನವಿ ಒಪ್ಪಿಸಿದರು. ವರ್ಷ ಕಳೆದರೂ ಏನೂ ಬದಲಾಗದಿದ್ದಾಗ, 1914ರ ನವೆಂಬರ್ 12ರಂದು ನಿಯೋಗದೊಂದಿಗೆ ಮತ್ತೆ ಶ್ವೇತಭವನಕ್ಕೆ ಬಂದರು. ಬಿಳಿಯರು, ಕರಿಯರ ನಡುವೆ ತಿಕ್ಕಾಟ ತಪ್ಪಿಸಲು ಈ ಏರ್ಪಾಡು ಎಂದು ಅಧ್ಯಕ್ಷರು ಸಮಜಾಯಿಷಿ ಕೊಟ್ಟರು. ಐವತ್ತು ವರ್ಷ ಇದೇ ಕಚೇರಿಗಳಲ್ಲಿ ಇಬ್ಬರೂ ಒಟ್ಟಿಗೆ ನೆಮ್ಮದಿಯಾಗಿ ಕೆಲಸ ಮಾಡಿದ್ದಾರಲ್ಲ ಎಂದು ಟ್ರಾಟರ್ ಎದುರಾಡಿದರು. ತನ್ನ ಮುಂದೆ ಇಂಥ ದನಿಯಲ್ಲಿ ಮಾತಾಡುವುದೇ ಎಂದು ವಿಲ್ಸನ್ ಕೆರಳಿದರು. ಮತ್ತೆ ಬರುವುದಾದರೆ ಬೇರೆ ವಕ್ತಾರನನ್ನು ಕರೆತನ್ನಿ ಎಂದರು. ಹೊರಗೆ ಬಂದ ಟ್ರಾಟರ್ ಒಳಗೆ ನಡೆದುದನ್ನೆಲ್ಲ ವರದಿಗಾರರಿಗೆ ಹೇಳಿಬಿಟ್ಟರು, ಅದು ಮರುದಿನ ದೊಡ್ಡ ಪತ್ರಿಕೆಗಳ ಮುಖಪುಟಕ್ಕೆ ಬಂತು. ಪರದೆಗಳು ಸರಿಯಲಿಲ್ಲ, ಸಾಲ ಮುಳುಗಿತು ಎನ್ನಬಹುದು. ಆದರೆ ಇಲಾಖೆಯ ಗೋಡೆಗಳ ಒಳಗೆ ಸದ್ದಿಲ್ಲದೆ ನಡೆಯುತ್ತಿದ್ದ ಅವಮಾನವನ್ನು ದೇಶದ ಅಧ್ಯಕ್ಷನ ಬಾಯಿಂದಲೇ ಸಮರ್ಥನೆ ಹೇಳಿಸಿ ಬಯಲಿಗೆಳೆದದ್ದು ಆ ಸಾಲದ ಹಕ್ಕಿನಿಂದಲೇ. ಮತ ಕೇಳಿ ಪಡೆದವನ ಮುಂದೆ ನಿಂತವನಿಗಷ್ಟೇ ಆ ದನಿ ಬರುತ್ತದೆ.

ಇಂಥ ಬೆಂಬಲದ ಹಿಂದೆ ಸಂಪಾದಕರ ಸ್ವಂತ ಲಾಭವಿತ್ತು ಎಂಬ ಆಕ್ಷೇಪವಿದೆ. 'ಪಿಟ್ಸ್‌ಬರ್ಗ್ ಕುರಿಯರ್' ಪತ್ರಿಕೆಯ ರಾಬರ್ಟ್ ಎಲ್. ವ್ಯಾನ್ ಇದಕ್ಕೆ ಹೆಸರಾದವರು. ಲಿಂಕನ್ ಚಿತ್ರವನ್ನು ಗೋಡೆಗೆ ಮುಖಮಾಡಿ ತಿರುಗಿಸುವ ಕಾಲ ಬಂತೆಂದು 1932ರ ಸೆಪ್ಟೆಂಬರಿನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಸಾರಿದ ಅವರಿಗೆ, ಡೆಮಾಕ್ರಟಿಕ್ ಪಕ್ಷದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಗೆದ್ದ ಮೇಲೆ ಕೇಂದ್ರದ ಅಟಾರ್ನಿ ಜನರಲ್ ಕಚೇರಿಯಲ್ಲಿ ಹುದ್ದೆ ಸಿಕ್ಕಿತು. ಲಾಭ ನಿಜ, ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ಲಾಭವೊಂದೇ ಕಾರಣವಾಗಿದ್ದರೆ 1940ರಲ್ಲಿ ಅವರು ರೂಸ್‌ವೆಲ್ಟ್ ಕೈಬಿಟ್ಟು ರಿಪಬ್ಲಿಕನ್ ಅಭ್ಯರ್ಥಿ ವೆಂಡೆಲ್ ವಿಲ್ಕಿಯ ಕಡೆ ಹೋಗುತ್ತಿರಲಿಲ್ಲ. ಸೈನ್ಯದಲ್ಲಿ ಕಪ್ಪು ಯುವಕರಿಗೆ ಸಮಾನ ಸ್ಥಾನ ಬೇಕೆಂದು 'ಕುರಿಯರ್' ಎರಡು ವರ್ಷದಿಂದ ಒತ್ತಾಯಿಸುತ್ತಿತ್ತು, ಉತ್ತರ ಬಂದಿರಲಿಲ್ಲ. ಆ ಚುನಾವಣೆಗೆ ಕೆಲವೇ ದಿನ ಮುಂಚೆ, ಅಕ್ಟೋಬರಿನಲ್ಲಿ, ವ್ಯಾನ್ ತೀರಿಕೊಂಡರು.

ದಕ್ಷಿಣದ ಕಪ್ಪು ಜನರಿಗೆ ಮತವೇ ಇಲ್ಲದಿದ್ದಾಗ ಬೆಂಬಲಕ್ಕೇನು ಬೆಲೆ ಎನ್ನುವುದು ಇನ್ನೂ ಗಟ್ಟಿಯಾದ ಪ್ರಶ್ನೆ. ಇದಕ್ಕೆ ಅರ್ಧ ಉತ್ತರ ರೈಲಿನಲ್ಲಿದೆ. 'ಶಿಕಾಗೊ ಡಿಫೆಂಡರ್' ಪ್ರತಿಗಳು ಪುಲ್‌ಮನ್ ರೈಲಿನ ಕಪ್ಪು ನೌಕರರ ಕೈಯಲ್ಲಿ ಮಿಸಿಸಿಪ್ಪಿಯ ಊರುಗಳಿಗೆ ಇಳಿಯುತ್ತಿದ್ದವು. ಅಲ್ಲಿ ಅದನ್ನು ಓದಿದವನು, ಓದಿಸಿ ಕೇಳಿದವನು, ವಲಸೆ ಹೋಗಿ ಶಿಕಾಗೊದಲ್ಲಿ ಮತದಾರನಾದ. ಉಳಿದ ಅರ್ಧ ದಕ್ಷಿಣ ಕೆರೊಲಿನಾದಲ್ಲಿದೆ. ಅಲ್ಲಿ ಡೆಮಾಕ್ರಟಿಕ್ ಪಕ್ಷ ಕಪ್ಪು ಜನರನ್ನು ಹೊರಗಿಟ್ಟಾಗ 'ಲೈಟ್‌ಹೌಸ್ ಅಂಡ್ ಇನ್ಫಾರ್ಮರ್' ಸಂಪಾದಕ ಜಾನ್ ಮೆಕ್ರೇ 1944ರಲ್ಲಿ ತಾವೇ ಮುಂದೆ ನಿಂತು ಪ್ರೋಗ್ರೆಸಿವ್ ಡೆಮಾಕ್ರಟಿಕ್ ಪಕ್ಷ ಕಟ್ಟಿದರು. ರೂಸ್‌ವೆಲ್ಟ್‌ಗೆ ಬೆಂಬಲ ಸಾರಿ, ರಾಷ್ಟ್ರೀಯ ಸಮಾವೇಶದಲ್ಲಿ ಆಸನವನ್ನೂ ಕೇಳಿದರು.

ಓದುಗರೇ ಪತ್ರಿಕೆಯ ಮಾತು ಕೇಳಲಿಲ್ಲ ಎನ್ನುವವರು 1948ನ್ನು ಎತ್ತಿಹಿಡಿಯುತ್ತಾರೆ. ಆ ವರ್ಷ 'ಕುರಿಯರ್' ಮತ್ತು ಬಾಲ್ಟಿಮೋರಿನ 'ಆಫ್ರೊ-ಅಮೆರಿಕನ್' ರಿಪಬ್ಲಿಕನ್ ಅಭ್ಯರ್ಥಿ ಥಾಮಸ್ ಡ್ಯೂಯಿ ಪರ ಬರೆದವು. ಅದು ಕುರುಡು ಆಯ್ಕೆಯಲ್ಲ: ಕೆಲಸ ಕೊಡುವಲ್ಲಿ ವರ್ಣತಾರತಮ್ಯವನ್ನು ನಿಷೇಧಿಸುವ ಕಾನೂನಿಗೆ 1945ರಲ್ಲಿ ಸಹಿ ಹಾಕಿದ ನ್ಯೂಯಾರ್ಕ್ ಗವರ್ನರ್ ಡ್ಯೂಯಿ. 'ಡಿಫೆಂಡರ್' ಅಧಿಕಾರದಲ್ಲಿದ್ದ ಡೆಮಾಕ್ರಟಿಕ್ ಅಧ್ಯಕ್ಷ ಹ್ಯಾರಿ ಟ್ರೂಮನ್ ಪರ ನಿಂತಿತು. ಕಪ್ಪು ಮತದಾರರು ದೊಡ್ಡ ಸಂಖ್ಯೆಯಲ್ಲಿ ಟ್ರೂಮನ್ನರನ್ನೇ ಆರಿಸಿದರು. ಒಹಾಯೊದಲ್ಲಿ ಟ್ರೂಮನ್ ಗೆದ್ದದ್ದು ಕೇವಲ 7,107 ಮತಗಳಿಂದ. ಇದರಲ್ಲಿ ಪತ್ರಿಕೆಗಳ ಸೋಲನ್ನು ಕಾಣಲು ನನಗೆ ಆಗದು. ಪತ್ರಿಕೆಗಳು ಎರಡೂ ಕಡೆ ಹಂಚಿಹೋದದ್ದರಿಂದಲೇ ಯಾವ ಪಕ್ಷಕ್ಕೂ ಈ ಮತ ತನ್ನ ಕಿಸೆಯಲ್ಲಿದೆ ಎನ್ನುವ ಧೈರ್ಯ ಬರಲಿಲ್ಲ. ಸೈನ್ಯದಲ್ಲಿ ಸಮಾನತೆ ತರುವ 9981ನೇ ಆದೇಶಕ್ಕೆ ಟ್ರೂಮನ್ ಸಹಿ ಹಾಕಿದ್ದು ಜುಲೈ 26ರಂದು, ಪ್ರಚಾರ ಕಾವೇರುವ ಹೊತ್ತಿನಲ್ಲಿ. ಅದನ್ನು ಜಾರಿಗೆ ತರುವ ಸಮಿತಿಯಲ್ಲಿ 'ಡಿಫೆಂಡರ್' ಪ್ರಕಾಶಕ ಜಾನ್ ಸೆಂಗ್‌ಸ್ಟ್ಯಾಕ್ ಕೂತರು. ಟ್ರಾಟರ್ ನಿಂತು ಬೈಸಿಕೊಂಡು ಬಂದ 34 ವರ್ಷಗಳ ಮೇಲೆ, ಇನ್ನೊಬ್ಬ ಕಪ್ಪು ಪತ್ರಿಕೋದ್ಯಮಿ ಅದೇ ಸರ್ಕಾರದ ಮೇಜಿನ ಮುಂದೆ ಕೂತು ಸೈನ್ಯದ ಅಧಿಕಾರಿಗಳಿಗೆ ಪ್ರಶ್ನೆ ಹಾಕುತ್ತಿದ್ದರು.