ಪುಟ್ಟ ಕಂಪ್ಯೂಟರ್‌ಗೆ ಕ್ಯಾಬಿನೆಟ್: ಕೊಳ್ಳುವ ಮುನ್ನ ಅಳೆಯಿರಿ

ಬಾಡಿಗೆ ಮನೆಯ ಸಣ್ಣ ಕೋಣೆ, ಅದರಲ್ಲೊಂದು ಕಿರಿದಾದ ಮೇಜು. ಕೆಲಸಕ್ಕೆ ಲ್ಯಾಪ್‌ಟಾಪ್ ಸಾಲದು, ದೊಡ್ಡ ಡೆಸ್ಕ್‌ಟಾಪ್ ಇಡಲು ಜಾಗವಿಲ್ಲ. ವಿಡಿಯೊ ಸಂಕಲನ, ವಿನ್ಯಾಸ, ಆಟ ಮುಂತಾದವುಗಳಿಗೆ ಶಕ್ತಿಶಾಲಿ ಯಂತ್ರ ಬೇಕೆನ್ನುವ ನಗರವಾಸಿಗಳ ಸಮಸ್ಯೆಯಿದು. ಇದಕ್ಕೆ ಉತ್ತರವಾಗಿ ಬಂದಿರುವುದೇ ಪುಟ್ಟ ಗಾತ್ರದ ಕಂಪ್ಯೂಟರ್. ಶೂ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆಯೊಳಗೆ ಪೂರ್ಣ ಪ್ರಮಾಣದ ಗ್ರಾಫಿಕ್ಸ್ ಕಾರ್ಡ್ ಸಹಿತ ಎಲ್ಲವನ್ನೂ ಅಡಗಿಸಿಡಲು ಇಂದು ಸಾಧ್ಯ.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಬಿಡಿಭಾಗಗಳನ್ನು ಕೊಂಡು ಕಂಪ್ಯೂಟರ್ ಜೋಡಿಸಿಕೊಳ್ಳುವವರು ಮೊದಲು ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್‌ಗಳನ್ನು ಆರಿಸಿ, ಕೊನೆಗೆ ಉಳಿದ ಹಣದಲ್ಲಿ ಕ್ಯಾಬಿನೆಟ್ ಕೊಳ್ಳುವುದು ರೂಢಿ. ದೊಡ್ಡ ಕಂಪ್ಯೂಟರ್‌ಗೆ ಈ ಕ್ರಮ ನಡೆದೀತು. ಪುಟ್ಟ ಕಂಪ್ಯೂಟರ್‌ನಲ್ಲಿ ಮಾತ್ರ ಕ್ಯಾಬಿನೆಟ್ ಮೊದಲು, ಉಳಿದುದೆಲ್ಲ ಆಮೇಲೆ. ಈ ಕ್ರಮ ತಪ್ಪಿದರೆ ಸಾವಿರಾರು ರೂಪಾಯಿ ತೆತ್ತು ತಂದ ಕಾರ್ಡ್ ಕೆಲವೇ ಮಿಲಿಮೀಟರ್‌ಗಳ ಅಂತರದಲ್ಲಿ ಒಳಗೆ ಕೂರದೆ ಉಳಿಯುತ್ತದೆ.

ಹಿನ್ನೆಲೆ

ಕ್ಯಾಬಿನೆಟ್‌ನ ಗಾತ್ರವನ್ನು ನಿರ್ಧರಿಸುವುದು ಮದರ್‌ಬೋರ್ಡ್. ಇಂಟೆಲ್ ಸಂಸ್ಥೆ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾನಕದ ಬೋರ್ಡ್ 305 x 244 ಮಿ.ಮೀ. ಇರುತ್ತದೆ. 1997ರಲ್ಲಿ ಬಂದ ಮೈಕ್ರೊ ಎಟಿಎಕ್ಸ್‌ನ ಗರಿಷ್ಠ ಅಳತೆ 244 x 244 ಮಿ.ಮೀ. ತೈವಾನ್‌ನ ವಿಯಾ ಟೆಕ್ನಾಲಜೀಸ್ 2001ರಲ್ಲಿ ಪರಿಚಯಿಸಿದ ಮಿನಿ ಐಟಿಎಕ್ಸ್ ಕೇವಲ 170 x 170 ಮಿ.ಮೀ. ಇಂದಿನ ಪುಟ್ಟ ಕ್ಯಾಬಿನೆಟ್‌ಗಳಲ್ಲಿ ಬಹುತೇಕವು ಈ ಮಿನಿ ಐಟಿಎಕ್ಸ್ ಬೋರ್ಡ್‌ಗಾಗಿಯೇ ತಯಾರಾದವು. ಈ ಬೋರ್ಡ್‌ನಲ್ಲಿ ವಿಸ್ತರಣಾ ಸ್ಲಾಟ್ ಒಂದೇ, ಮೆಮೊರಿ ಸ್ಲಾಟ್ ಸಾಮಾನ್ಯವಾಗಿ ಎರಡೇ ಎಂಬುದನ್ನು ನೆನಪಿಡಬೇಕು.

ಲೀಟರ್ ಲೆಕ್ಕ

ಪುಟ್ಟ ಕ್ಯಾಬಿನೆಟ್‌ಗಳ ಗಾತ್ರವನ್ನು ಲೀಟರ್‌ಗಳಲ್ಲಿ ಹೇಳುವುದು ವಾಡಿಕೆ. ಉದ್ದ, ಅಗಲ, ಎತ್ತರಗಳನ್ನು ಮಿಲಿಮೀಟರ್‌ಗಳಲ್ಲಿ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಇನ್ ವಿನ್ ಸಂಸ್ಥೆಯ ಶೋಪಾನ್ 3.3 ಲೀಟರ್, ಅದರಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್‌ಗೆ ಜಾಗವೇ ಇಲ್ಲ. ಡ್ಯಾನ್ ಕೇಸಸ್‌ನ ಎ4-ಎಸ್‌ಎಫ್‌ಎಕ್ಸ್ 7.2 ಲೀಟರ್, ಫ್ರ್ಯಾಕ್ಟಲ್ ಡಿಸೈನ್‌ನ ಟೆರಾ (2023) 10.4 ಲೀಟರ್, ಕೂಲರ್ ಮಾಸ್ಟರ್‌ನ ಎನ್‌ಆರ್200 (2020) 18.25 ಲೀಟರ್.

ಈ ಅಂಕಿಗಳನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಎನ್‌ಆರ್200ರ 18.25 ಲೀಟರ್ ಎಂಬುದು 360 x 185 x 274 ಮಿ.ಮೀ. ಪೆಟ್ಟಿಗೆಯ ಲೆಕ್ಕ. ಕಾಲುಗಳು, ಹೊರಚಾಚಿದ ಭಾಗಗಳನ್ನೂ ಸೇರಿಸಿದರೆ ಅಳತೆ 376 x 185 x 292 ಮಿ.ಮೀ. ಆಗಿ 20 ಲೀಟರ್ ದಾಟುತ್ತದೆ. ಮೇಜಿನ ಮೇಲೆ ಜಾಗ ತಿನ್ನುವುದು ಈ ಎರಡನೆಯ ಅಳತೆಯೇ. ಇದಲ್ಲದೆ ಹಿಂಬದಿಯಲ್ಲಿ ಕೇಬಲ್‌ಗಳಿಗೆ, ಪಕ್ಕಗಳಲ್ಲಿ ಗಾಳಿಗೆ ಒಂದಷ್ಟು ಜಾಗ ಬಿಡಲೇಬೇಕು.

ಎರಡು ಬಗೆಯ ವಿನ್ಯಾಸ

ಒಳಗಿನ ಜೋಡಣೆಯಲ್ಲಿ ಎರಡು ಮುಖ್ಯ ಬಗೆಗಳಿವೆ. ಮೊದಲನೆಯದು ಸಾಂಪ್ರದಾಯಿಕ. ದೊಡ್ಡ ಕ್ಯಾಬಿನೆಟ್‌ನಲ್ಲಿರುವಂತೆ ಗ್ರಾಫಿಕ್ಸ್ ಕಾರ್ಡ್ ನೇರವಾಗಿ ಮದರ್‌ಬೋರ್ಡ್‌ನ ಮೇಲೆಯೇ ಕೂರುತ್ತದೆ. ಎನ್‌ಆರ್200 ಈ ಬಗೆಯದು. ಪ್ರೊಸೆಸರ್‌ಗೆ ಎತ್ತರದ ಕೂಲರ್ ಹಾಕಲು ಸಾಧ್ಯವಾಗುವುದು ಇದರ ಲಾಭ.

ಎರಡನೆಯದಕ್ಕೆ ಸ್ಯಾಂಡ್‌ವಿಚ್ ವಿನ್ಯಾಸವೆಂದು ಹೆಸರು. ನಡುವೆ ಒಂದು ಲೋಹದ ಗೋಡೆ. ಅದರ ಒಂದು ಬದಿಗೆ ಮದರ್‌ಬೋರ್ಡ್, ಇನ್ನೊಂದು ಬದಿಗೆ ಗ್ರಾಫಿಕ್ಸ್ ಕಾರ್ಡ್. ಎರಡನ್ನೂ ಬೆಸೆಯುವುದು ರೈಸರ್ ಎಂಬ ಪಟ್ಟಿಯಂಥ ಕೇಬಲ್. ಪೆಟ್ಟಿಗೆ ತೆಳ್ಳಗಾಗುತ್ತದೆ, ಆದರೆ ಕೂಲರ್‌ನ ಎತ್ತರಕ್ಕೆ ಕಡಿವಾಣ ಬೀಳುತ್ತದೆ.

ಟೆರಾ ಕ್ಯಾಬಿನೆಟ್‌ನಲ್ಲಿ ಈ ನಡುಗೋಡೆಯನ್ನು ಅತ್ತಿತ್ತ ಸರಿಸಬಹುದು. ಕಾರ್ಡ್‌ಗೆ 43 ಮಿ.ಮೀ. ದಪ್ಪ ಸಾಕೆಂದರೆ ಕೂಲರ್‌ಗೆ 77 ಮಿ.ಮೀ. ಎತ್ತರ ಸಿಗುತ್ತದೆ. ಕಾರ್ಡ್‌ಗೆ 72 ಮಿ.ಮೀ. ಕೊಟ್ಟರೆ ಕೂಲರ್‌ಗೆ ಉಳಿಯುವುದು 48 ಮಿ.ಮೀ. ಎರಡೂ ಬಾರಿ ಮೊತ್ತ 120 ಮಿ.ಮೀ. ಮಾತ್ರ. ಒಂದಕ್ಕೆ ಕೊಟ್ಟದ್ದನ್ನು ಇನ್ನೊಂದರಿಂದ ಕಿತ್ತುಕೊಳ್ಳಬೇಕೆಂಬುದೇ ಪುಟ್ಟ ಕ್ಯಾಬಿನೆಟ್‌ಗಳ ಮೂಲ ನಿಯಮ.

ನೋಡಲೇಬೇಕಾದ ಮೂರು ಅಳತೆ

ಗ್ರಾಫಿಕ್ಸ್ ಕಾರ್ಡ್: ಉದ್ದವೊಂದನ್ನೇ ನೋಡಿ ತೃಪ್ತರಾಗುವುದು ಸಾಮಾನ್ಯ ತಪ್ಪು. ಎತ್ತರ ಮತ್ತು ದಪ್ಪವೂ ಅಷ್ಟೇ ಮುಖ್ಯ. ವಿದ್ಯುತ್ ಕೇಬಲ್ ಬಾಗುವ ಜಾಗವನ್ನೂ ಎತ್ತರಕ್ಕೆ ಸೇರಿಸಬೇಕು. ಹೊಸ ಕಾರ್ಡ್‌ಗಳ 16 ಪಿನ್‌ನ ಕೇಬಲ್ಲನ್ನು ಕನೆಕ್ಟರ್‌ನಿಂದ 35 ಮಿ.ಮೀ. ದೂರದವರೆಗೆ ಬಗ್ಗಿಸಬಾರದೆಂಬ ಸಲಹೆಯಿದೆ. ಎನ್‌ವಿಡಿಯಾ ಸಂಸ್ಥೆ 2024ರಲ್ಲಿ ಪುಟ್ಟ ಕ್ಯಾಬಿನೆಟ್‌ಗೆ ಒಗ್ಗುವ ಕಾರ್ಡ್‌ಗಳಿಗೆ ಮಾರ್ಗಸೂಚಿ ಪ್ರಕಟಿಸಿತು. ಅದರಂತೆ ಉದ್ದ 304 ಮಿ.ಮೀ., ಕೇಬಲ್ ಬಾಗುವ ಜಾಗವೂ ಸೇರಿ ಎತ್ತರ 151 ಮಿ.ಮೀ., ದಪ್ಪ 50 ಮಿ.ಮೀ. ಮೀರುವಂತಿಲ್ಲ. ಕಾರ್ಡ್‌ನ ಡಬ್ಬಿಯ ಮೇಲೆ ಅಥವಾ ವಿವರಪಟ್ಟಿಯಲ್ಲಿ ಈ ಉಲ್ಲೇಖವಿದ್ದರೆ ಆಯ್ಕೆ ಸುಲಭ.

ಕೂಲರ್: ಎನ್‌ಆರ್200ರಲ್ಲಿ ಗರಿಷ್ಠ 155 ಮಿ.ಮೀ. ಎತ್ತರದ ಕೂಲರ್‌ಗೆ ಅವಕಾಶವಿದೆ. ನಾಕ್ಟುವಾದ ಜನಪ್ರಿಯ ಎನ್‌ಎಚ್-ಯು12ಎಸ್‌ನ ಎತ್ತರ 158 ಮಿ.ಮೀ. ಮೂರೇ ಮಿಲಿಮೀಟರ್ ಹೆಚ್ಚಾದರೂ ಅದು ಮಿತಿಯ ಹೊರಗೇ. ಸ್ಯಾಂಡ್‌ವಿಚ್ ಕ್ಯಾಬಿನೆಟ್‌ಗಳಿಗೆ ಅದೇ ಸಂಸ್ಥೆಯ 37 ಮಿ.ಮೀ. ಎತ್ತರದ ಎನ್‌ಎಚ್-ಎಲ್9 ಮಾದರಿ, ಥರ್ಮಲ್‌ರೈಟ್‌ನ 47 ಮಿ.ಮೀ. ಎತ್ತರದ ಎಎಕ್ಸ್‌ಪಿ90 ಮಾದರಿಗಳಂಥವು ಬೇಕು.

ಎಸ್‌ಎಂಪಿಎಸ್: ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್ 150 x 86 x 140 ಮಿ.ಮೀ. ಇದ್ದರೆ, ಪುಟ್ಟ ಎಸ್‌ಎಫ್‌ಎಕ್ಸ್ ಮಾದರಿ 125 x 63.5 x 100 ಮಿ.ಮೀ. ಇರುತ್ತದೆ. ಎಸ್‌ಎಫ್‌ಎಕ್ಸ್-ಎಲ್‌ನ ಉದ್ದ 130 ಮಿ.ಮೀ. ಹಳೆಯ ಕಂಪ್ಯೂಟರ್‌ನ ಎಸ್‌ಎಂಪಿಎಸ್ ಬಳಸಿಕೊಳ್ಳಬಹುದೆಂದು ಎಣಿಸುವವರು ಮೊದಲು ಕ್ಯಾಬಿನೆಟ್‌ನ ವಿವರ ನೋಡಬೇಕು. ಎಸ್‌ಎಫ್‌ಎಕ್ಸ್‌ಗೆ ಬೆಲೆ ಹೆಚ್ಚು. ಈ ವೆಚ್ಚವನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಜಾಣತನ.

ನಮ್ಮ ಬೇಸಿಗೆಯ ಲೆಕ್ಕ

ವಿಮರ್ಶಕರು ಕ್ಯಾಬಿನೆಟ್‌ಗಳನ್ನು ಪರೀಕ್ಷಿಸುವುದು ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಣೆಯ ಬಿಸಿ ಎಷ್ಟು ಏರುವುದೋ ಯಂತ್ರದ ಒಳಗಿನ ಬಿಸಿಯೂ ಸರಿಸುಮಾರು ಅಷ್ಟೇ ಏರುತ್ತದೆ. 24 ಡಿಗ್ರಿಯ ಕೋಣೆಯಲ್ಲಿ 76 ಡಿಗ್ರಿ ತೋರಿಸಿದ ಪ್ರೊಸೆಸರ್, ಹವಾನಿಯಂತ್ರಣವಿಲ್ಲದ 36 ಡಿಗ್ರಿಯ ಕೋಣೆಯಲ್ಲಿ 88ರ ಆಸುಪಾಸಿಗೆ ಬರುತ್ತದೆ. ಇನ್ನೂ ಏರಿದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ. ಅಲ್ಲಿಗೆ ವೇಗಕ್ಕಾಗಿ ತೆತ್ತ ಹಣ ವ್ಯರ್ಥ.

ಇಂಟೆಲ್‌ನ ಕೋರ್ ಐ9-14900ಕೆ ಗರಿಷ್ಠ 253 ವ್ಯಾಟ್ ಬೇಡುತ್ತದೆ. 47 ಮಿ.ಮೀ. ಕೂಲರ್‌ಗೆ ಇದು ಹೊರಲಾರದ ಹೊರೆ. 65 ವ್ಯಾಟ್ ವರ್ಗದ ಪ್ರೊಸೆಸರ್ ಆರಿಸುವುದು, ಇಲ್ಲವೇ ಬಯಾಸ್‌ನಲ್ಲಿ ವಿದ್ಯುತ್ ಮಿತಿ ಇಳಿಸುವುದು ಸುರಕ್ಷಿತ ಮಾರ್ಗ. ಗಾಜಿನ ಪಕ್ಕಕ್ಕಿಂತ ರಂಧ್ರಗಳುಳ್ಳ ಜಾಲರಿಯ ಪಕ್ಕ ನಮ್ಮ ಹವೆಗೆ ಲೇಸು. ಧೂಳು ತಡೆಯುವ ಫಿಲ್ಟರ್ ಕಳಚಿ ತೊಳೆಯುವಂತಿದ್ದರೆ ಇನ್ನೂ ಒಳ್ಳೆಯದು.

ರೈಸರ್ ಬಗ್ಗೆ ಎಚ್ಚರ

ರೈಸರ್ ಕೇಬಲ್‌ಗೂ ಪೀಳಿಗೆಯುಂಟು. ಪಿಸಿಐಇ 4.0 ಕಾರ್ಡ್‌ಗೆ ಹಳೆಯ 3.0 ರೈಸರ್ ಜೋಡಿಸಿದರೆ ಪರದೆ ಮೂಡದಿರಬಹುದು ಅಥವಾ ಯಂತ್ರ ಮಧ್ಯೆಮಧ್ಯೆ ನಿಲ್ಲಬಹುದು. ಆಗ ಬಯಾಸ್‌ನಲ್ಲಿ ಸ್ಲಾಟ್‌ನ ವೇಗವನ್ನು 3.0ಗೆ ಇಳಿಸಬೇಕಾಗುತ್ತದೆ.

ರೈಸರ್ ದೋಷ ಸುರಕ್ಷತೆಗೂ ಕುತ್ತಾದ ನಿದರ್ಶನವಿದೆ. ಎನ್‌ಜೆಡ್‌ಎಕ್ಸ್‌ಟಿ ಸಂಸ್ಥೆಯ ಎಚ್1 ಕ್ಯಾಬಿನೆಟ್‌ನಲ್ಲಿ ರೈಸರನ್ನು ಬಿಗಿದಿದ್ದ ಎರಡು ಲೋಹದ ಸ್ಕ್ರೂಗಳಿಂದ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆಯೆಂದು 2021ರ ಫೆಬ್ರುವರಿಯಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಮೂಲಕ ಅದನ್ನು ಹಿಂಪಡೆಯಲಾಯಿತು. ಬಳಸಿದ ಕ್ಯಾಬಿನೆಟ್ ಕೊಳ್ಳುವವರು ಇಂಥ ಹಿಂಪಡೆತದ ವಿವರ ವಿಚಾರಿಸುವುದು ಒಳಿತು.

ಯಾರಿಗೆ ಬೇಡ?

ಹೆಚ್ಚು ಹಾರ್ಡ್ ಡಿಸ್ಕ್ ಬೇಕಾದವರು, ಎರಡು-ಮೂರು ವಿಸ್ತರಣಾ ಕಾರ್ಡ್ ಬಳಸುವವರು, ಆಗಾಗ ಬಿಡಿಭಾಗ ಬದಲಿಸುವವರು ಮೈಕ್ರೊ ಎಟಿಎಕ್ಸ್ ಕ್ಯಾಬಿನೆಟ್ ಕೊಳ್ಳುವುದೇ ಮೇಲು. ಅದು ಅಗ್ಗ, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ. ಪತ್ರ ಟೈಪಿಸಲು, ಅಂತರಜಾಲ ನೋಡಲು ಮಾತ್ರವೆಂದರೆ ಸಿದ್ಧ ಮಿನಿ ಪಿಸಿ ಸಾಕು.

ಕೊಳ್ಳುವ ಮುನ್ನ

* ಮೇಜಿನ ಮೇಲಿನ ಜಾಗವನ್ನು ಟೇಪಿನಿಂದ ಅಳೆಯಿರಿ. ಕ್ಯಾಬಿನೆಟ್‌ನ ಹೊರ ಅಳತೆಗೆ ಹಳೆಯ ರಟ್ಟು ಕತ್ತರಿಸಿ ಇಟ್ಟು ನೋಡಿ.
* ಕಾರ್ಡ್‌ನ ಮೂರೂ ಅಳತೆ, ಕೂಲರ್‌ನ ಎತ್ತರ, ಎಸ್‌ಎಂಪಿಎಸ್‌ನ ಬಗೆ ಒಂದು ಹಾಳೆಯಲ್ಲಿ ಬರೆದುಕೊಂಡು ತಯಾರಕರ ವಿವರಪಟ್ಟಿಯೊಂದಿಗೆ ತಾಳೆ ನೋಡಿ.
* ರೈಸರ್ ಜೊತೆಗೆ ಬರುತ್ತದೆಯೇ, ಯಾವ ಪೀಳಿಗೆಯದು ಎಂದು ಕೇಳಿ.
* ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾಗಲಿ, ಆನ್‌ಲೈನ್ ಮಳಿಗೆಯಾಗಲಿ, ಅಳತೆ ಹೊಂದದಿದ್ದರೆ ಹಿಂದಿರುಗಿಸಲು ಅವಕಾಶವಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಿ.
* ಎಲ್ಲ ಅಳತೆಗಳಲ್ಲೂ ನಾಲ್ಕೈದು ಮಿಲಿಮೀಟರ್ ಹೆಚ್ಚುವರಿ ಇರಲಿ.

ಕಡಿಮೆ ಲೀಟರ್‌ನದೇ ಉತ್ತಮವೆಂಬ ಭ್ರಮೆ ಬೇಡ. ಬೇಕಾದ ಕಾರ್ಡ್ ಹಿಡಿಸಿ, ಮೇ ತಿಂಗಳ ಮಧ್ಯಾಹ್ನದಲ್ಲೂ ಉಸಿರುಗಟ್ಟದೆ ಓಡುವ ಕ್ಯಾಬಿನೆಟ್ ಎರಡು ಲೀಟರ್ ದೊಡ್ಡದಾದರೂ ಅದೇ ಸರಿಯಾದ ಆಯ್ಕೆ.