ಅರ್ಧ ಸೆಕೆಂಡಿನ ಅನುಮಾನ

2024ರ ಮಾರ್ಚ್. ಮೈಕ್ರೋಸಾಫ್ಟ್ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಲಿನಕ್ಸ್ ಯಂತ್ರವೊಂದರಲ್ಲಿ ಡೇಟಾಬೇಸ್ ವೇಗ ಅಳೀತಾ ಇದ್ದರು. ದೂರದಿಂದ ಲಾಗಿನ್ ಆಗೋದಕ್ಕೆ ಯಾಕೋ ಅರ್ಧ ಸೆಕೆಂಡ್ ಹೆಚ್ಚು ಹಿಡೀತಿತ್ತು. ನಾವಾಗಿದ್ರೆ ನೆಟ್ ಸ್ಲೋ ಅಂತ ಬೈದು ಸುಮ್ಮನಾಗ್ತಿದ್ವಿ. ಅವರು ಕೆದಕಿದರು. ಸಿಕ್ಕಿದ್ದು ಕಳ್ಳಬಾಗಿಲು! ಕಡತ ಕುಗ್ಗಿಸುವ ಎಕ್ಸ್‌ಝಡ್ ಅನ್ನೋ ಪುಟ್ಟ ತಂತ್ರಾಂಶದೊಳಗೆ ಅಡಗಿತ್ತು. ಗುಟ್ಟಿನ ಕೀಲಿ ಇದ್ದವನು ಪಾಸ್‌ವರ್ಡೇ ಇಲ್ಲದೆ ಸರ್ವರ್ ಒಳಗೆ ತನಗೆ ಬೇಕಾದ್ದು ಮಾಡಬಹುದಿತ್ತು.

ಕಳ್ಳ ಒಳಗೆ ಬಂದದ್ದು ಹೇಗೆ ಅನ್ನೋದೇ ನನಗೆ ನಿದ್ದೆಗೆಡಿಸೋ ಸಂಗತಿ. ಎಕ್ಸ್‌ಝಡ್ ಅನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸ್ಸೆ ಕೊಲಿನ್. ಸಂಬಳವಿಲ್ಲ, ಬರೀ ಹವ್ಯಾಸ. 2022ರಲ್ಲಿ ಯಾರೂ ಕಂಡರಿಯದ ಹೆಸರುಗಳು ಅವರ ಬೆನ್ನುಬಿದ್ದವು: ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಅಂತ. ಮಾನಸಿಕವಾಗಿ ಬಳಲಿದ್ದೇನೆ ಅಂತ ಅವರು ಬಹಿರಂಗವಾಗೇ ಹೇಳಿಕೊಂಡರು. ನೆರವಿಗೆ ನಿಂತದ್ದು 'ಜಿಯಾ ಟ್ಯಾನ್', 2021ರಿಂದ ತಾಳ್ಮೆಯಿಂದ ಕೋಡ್ ಕಳಿಸುತ್ತಿದ್ದ ಹೆಸರು. ನಂಬಿಕೆ ಬೆಳೀತು, ಅಧಿಕಾರ ಸಿಕ್ತು. 2024ರ ಫೆಬ್ರವರಿಯ 5.6.0 ಆವೃತ್ತಿಗೆ ವಿಷ ಬೆರೆಯಿತು.

ಮಾರ್ಚ್ 29ಕ್ಕೆ ಫ್ರಾಯಿಂಡ್ ಜಗತ್ತಿಗೆ ತಿಳಿಸಿದರು. ಅಷ್ಟರಲ್ಲಿ ಅದು ಹೆಚ್ಚಾಗಿ ಲಿನಕ್ಸ್‌ನ ಪ್ರಾಯೋಗಿಕ ಆವೃತ್ತಿಗಳನ್ನು ಮುಟ್ಟಿತ್ತು. ನಮ್ಮ ನಿಮ್ಮ ಸೇವೆಗಳನ್ನು ನಡೆಸೋ ಸರ್ವರ್‌ಗಳಿಗೆ ಇಳಿಯೋದು ಬಾಕಿಯಿತ್ತು. ಜಿಯಾ ಟ್ಯಾನ್ ಮಾಯ. ಮೇ ತಿಂಗಳಲ್ಲಿ ವಿಷ ತೆಗೆದ ಹೊಸ ಆವೃತ್ತಿ ಬಂತು. ಬಿಡುಗಡೆ ಮಾಡಿದ್ದು ಅದೇ ಕೊಲಿನ್.