ಅವ್ಯಕ್ತದ ಲೆಕ್ಕ

ಬೀಜಗಣಿತವು ಪರದೇಶದಿಂದ ಬಂದ ಕಷ್ಟವೆಂದು ನಮ್ಮಲ್ಲಿ ಅನೇಕರ ಎಣಿಕೆ. ಹೈಸ್ಕೂಲಿನಲ್ಲಿ ಕರಿಹಲಗೆಯ ಮೇಲೆ ಎಕ್ಸ್ ಎಂಬ ಅಕ್ಷರವನ್ನು ಮೊದಲು ಕಂಡ ದಿನ, ಅಂಕಿಗಳ ಮನೆಯಲ್ಲಿ ಅಕ್ಷರಕ್ಕೇನು ಕೆಲಸವೆಂದು ನಾವೆಲ್ಲರೂ ಬೆರಗಾದವರೇ. ಮೈಸೂರು ಸಂಸ್ಥಾನದಲ್ಲಿ ಈ ಪಾಠವು ಬಹುಕಾಲ ಇಂಗ್ಲಿಷಿನಲ್ಲಿಯೇ ನಡೆದುದರಿಂದ ಆ ಎಣಿಕೆ ಬಲಿಯಿತು. ಚರಿತ್ರೆ ಹೇಳುವುದು ಬೇರೆ.

ಕ್ರಿ.ಶ. 628ರಲ್ಲಿಯೇ ಬ್ರಹ್ಮಗುಪ್ತನು ತಿಳಿಯದ ಮೊತ್ತವನ್ನು ‘ಅವ್ಯಕ್ತ’ವೆಂದು ಕರೆದಿದ್ದನು. ಒಂಬತ್ತನೆಯ ಶತಮಾನದಲ್ಲಿ ಬಾಗದಾದಿನ ಅಲ್ ಖ್ವಾರಿಜ್ಮಿಯು ಬರೆದ ಗ್ರಂಥದ ಹೆಸರಿನಲ್ಲಿದ್ದ ‘ಅಲ್ ಜಬ್ರ್’ ಎಂಬ ಮಾತೇ ಯೂರೋಪಿನಲ್ಲಿ ಆಲ್ಜೀಬ್ರ ಆಯಿತು. ಅದೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನನಾದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು.

ಅದರಲ್ಲಿ ಒಂಟೆಗಳ ಲೆಕ್ಕವೊಂದುಂಟು. ಹಿಂಡಿನ ಕಾಲುಭಾಗ ಕಾಡಿನಲ್ಲಿ ಕಂಡಿತು, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಯಿತು, ಹದಿನೈದು ಹೊಳೆಯ ದಡದಲ್ಲಿ ಉಳಿದವು, ಹಿಂಡು ಎಷ್ಟು? ಸಕಲೇಶಪುರದ ಸೀಮೆಯ ಹೊಂಗಡಹಳ್ಳದಂಥ ಬೆಟ್ಟದೂರಿನ ಹುಡುಗನಿಗೆ ಒಂಟೆಯ ಬದಲು ಆನೆಯೆಂದರೆ ಸಾಕು, ಲೆಕ್ಕವು ಅವನ ಮನೆಯ ಹಿತ್ತಲಿಗೇ ಬಂದು ನಿಲ್ಲುತ್ತದೆ. ಎಕ್ಸ್ ಆಮೇಲೆ ಬರಲಿ.

ವರ್ಗಮೂಲವನ್ನೇ ಅವ್ಯಕ್ತವೆಂದು ಹಿಡಿಯೋಣ. ಅದರ ವರ್ಗದ ಮುಕ್ಕಾಲು, ಅದರ ಎರಡರಷ್ಟಕ್ಕೆ 15 ಕೂಡಿಸಿದುದಕ್ಕೆ ಸಮ. ಪೂರ್ಣವರ್ಗ ಮಾಡಿ ಬಿಡಿಸಿದರೆ ಅವ್ಯಕ್ತವು 6, ಹಿಂಡು 36: ಕಾಡಿನಲ್ಲಿ 9, ತಪ್ಪಲಿನಲ್ಲಿ 12, ದಡದಲ್ಲಿ 15. ಇನ್ನೊಂದು ಉತ್ತರವೂ ಬರುವುದು. ಅಲ್ಲಿ ಮೂಲವು ಋಣ, ಹಿಂಡು ಹನ್ನೊಂದು ಆನೆಯೂ ಮತ್ತೊಂದರ ಒಂಬತ್ತನೆಯ ಒಂದು ಪಾಲೂ! ಅದನ್ನೇಕೆ ಕೈಬಿಡಬೇಕೆಂದು ಹುಡುಗನೇ ಹೇಳಬಲ್ಲನು. ಸೂತ್ರವನ್ನು ಬಾಯಿಪಾಠ ಮಾಡಿದವನಿಗೆ ಈ ವಿವೇಚನೆ ಸುಲಭವಾಗಿ ಬಾರದು.

ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದೂ ಮಹಾವೀರನು ಬರೆದನು. ಇಟಲಿಯ ಕಾರ್ಡಾನೊ 1545ರಲ್ಲಿ ಅಂಥ ಮೂಲವನ್ನೇ ಲೆಕ್ಕದೊಳಕ್ಕೆ ತಂದನು. ಮಹಾವೀರನು ಮುಚ್ಚಿದ ಬಾಗಿಲು ತೆರೆಯತಕ್ಕದ್ದೇ ಆಗಿತ್ತು. ಆದರೆ ಬಾಗಿಲಿರುವ ಜಾಗವನ್ನು ಆತನು ಕಂಡಿದ್ದನೆಂಬುದು ಅಲ್ಪವಲ್ಲ.

ಎಂ. ರಂಗಾಚಾರ್ಯರು ಈ ಗ್ರಂಥವನ್ನು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಕಾಲೇಜಿನಲ್ಲಿ ಓದಿದ ನಮ್ಮಂಥವರಲ್ಲಿ ಅನೇಕರು ನೃಪತುಂಗನ ಕಾಲದ ಗಣಿತವನ್ನು ಅರಿತುದು ಆ ಇಂಗ್ಲಿಷಿನ ಮೂಲಕವೇ. ಆದರೆ ಗಣಿತಕ್ಕೆ ಕನ್ನಡ ಒಗ್ಗದೆಂಬವರು ಇನ್ನೊಬ್ಬನ ಹೆಸರನ್ನೂ ನೆನೆಯಬೇಕು. ಹೊಯ್ಸಳರ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ರಾಜಾದಿತ್ಯನೆಂಬ ಜೈನಕವಿಯು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದಿದ್ದನು.